ಚೆನ್ನಯ್ಯನ ಗಾಡಿಯ ಹಲ್ಲಿ

ಹೆಮ್ಮಾಡಿಯ ಚೆನ್ನಯ್ಯನಿಗೆ ಈ ಲೋಕದಲ್ಲಿ ಬೇರೆ ಯಾವ ಹಟವೂ ಇರಲಿಲ್ಲ. ತನ್ನ ಗಾಡಿಯನ್ನು ಯಾರೂ ಜೀಪು ಎನ್ನಬಾರದು, ಅಷ್ಟೇ. ಮುಂಬೈಯಲ್ಲಿ ಹೋಟೆಲು ನಡೆಸುವ ಭಾವ ತಾನು ಓಡಿಸಿ ಸಾಕಾದ ಬಿಳಿ ಗಾಡಿಯನ್ನು ಇವನ ತಲೆಗೆ ಕಟ್ಟುವಾಗ "ಇದು ಎಸ್‌ಯುವಿ" ಎಂದು ಹೇಳಿಕೊಟ್ಟಿದ್ದ. ಆ ಮಾತನ್ನು ಚೆನ್ನಯ್ಯ ಮಂತ್ರದ ಹಾಗೆ ಬಾಯಿಪಾಠ ಮಾಡಿಕೊಂಡು ಊರಿಗೆ ಬಂದ. ಆದರೆ ಹೆಮ್ಮಾಡಿಯವರ ಲೆಕ್ಕದಲ್ಲಿ ನಾಲ್ಕು ಚಕ್ರ ಇದ್ದು, ಹತ್ತುವಾಗ ಕಾಲು ಎತ್ತಬೇಕಾದದ್ದೆಲ್ಲ ಜೀಪೇ. ಬಸ್‌ಸ್ಟ್ಯಾಂಡಿನಲ್ಲಿ ನಿಂತವರು "ಹ್ವಾಯ್ ಚೆನ್ನಯ್ಯಣ್ಣ, ಜೀಪ್ ಎಲ್ಲಿಗ್ ಹೊರಟಿತ್?" ಎಂದು ಕೇಳಿದರೆ ಅವನು ಗಾಡಿ ಬದಿಗೆ ಹಾಕಿ, ಕೆಳಗಿಳಿದು, ಅದು ಜೀಪಲ್ಲ ಎಸ್‌ಯುವಿ ಎಂದು ತಿದ್ದಿ, ಅವರ ಬಾಯಲ್ಲಿ ಒಮ್ಮೆ ಹೇಳಿಸಿ, ಮತ್ತೆ ಹತ್ತಿ ಹೋಗುತ್ತಿದ್ದ. ಹೀಗಾಗಿ ಅವನು ಕುಂದಾಪುರ ಮುಟ್ಟುವಾಗ ಹಿಂದಿನ ಬಸ್ಸಿನವರು ಮೀನು ತೆಗೆದುಕೊಂಡು ವಾಪಸು ಹೊರಟಿರುತ್ತಿದ್ದರು.

ಕುಂದಾಪುರದಲ್ಲಿ ಅವನದು ಬಲೆ, ಹಗ್ಗ, ನೂಲಿನ ಅಂಗಡಿ. ಬಲೆ ನೂಲನ್ನು ಗಿರಾಕಿಯ ಕೈಗೆ ಕೊಟ್ಟು, ಜಗ್ಗಿ ನೋಡಲು ಹೇಳಿ, "ಇದ್ ಹರಿದ್ರೆ ನನ್ ಹೆಸ್ರ್ ಬದ್ಲ್ ಮಾಡಿ" ಎನ್ನುವುದು ಅವನ ವ್ಯಾಪಾರದ ಕ್ರಮ. ಕೈ ಸ್ವಲ್ಪ ಬಿಗಿ. ಒಬ್ಬನೇ ಹೋಗುವಾಗ ಗಾಡಿಯ ಎಸಿ ಹಾಕುವವನಲ್ಲ. ಕಿಟಕಿ ಇಳಿಸಿ, ಹೆಗಲ ಬೈರಾಸಿನಲ್ಲಿ ಬೆವರು ಒರೆಸಿಕೊಳ್ಳುತ್ತ ಹೋಗುತ್ತಿದ್ದ. ಯಾರಾದರೂ ಹತ್ತಿದರೆ ಮಾತ್ರ ಗಾಜು ಏರಿಸಿ, ಎಸಿಯ ಗುಂಡಿ ಒತ್ತಿ, ತಣ್ಣಗಾಯಿತೇ ಎಂದು ಕೇಳುತ್ತಿದ್ದ. ಆಯಿತು ಎನ್ನುವ ತನಕ ಕೇಳುವುದನ್ನು ಬಿಡುತ್ತಿರಲಿಲ್ಲ. ಮುಂದೆ ನಡೆದ ರಾಮಾಯಣಕ್ಕೆಲ್ಲ ಈ ಅಭ್ಯಾಸವೇ ಮೂಲ ಎಂದು ಆಗ ಯಾರಿಗೂ ಹೊಳೆಯಲಿಲ್ಲ, ಚೆನ್ನಯ್ಯನಿಗಂತೂ ಹೊಳೆಯುವ ಪ್ರಶ್ನೆಯೇ ಇಲ್ಲ.

ಅದು ಎರಡು ಸಾವಿರದ ಹತ್ತು, ಪಂಚಾಯ್ತಿ ಓಟಿನ ವರ್ಷ. ಕುಂಭಾಶಿಯ ಆನೆಗುಡ್ಡೆ ಗಣಪತಿಯ ಎದುರು ಗಾಡಿಗೆ ಪೂಜೆ ಮಾಡಿಸಿ, ತಾಯಿ ಸೀತಜ್ಜಿ, ಹೆಂಡತಿ ರತ್ನ, ಮಗಳು ವಿನಯಾ ಮೂವರನ್ನೂ ಕೂರಿಸಿಕೊಂಡು ಬರುತ್ತಿದ್ದ ಚೆನ್ನಯ್ಯ. ಎಸಿ ತಣ್ಣಗೆ ಬೀಸುತ್ತಿತ್ತು. ಹಳೆಯ ಗಾಡಿ ಎಂದು ಯಾರಾದರೂ ಹೇಳಲಿ ನೋಡುವ, ಒಂದು ಶಬ್ದ ಇದೆಯೇ ಎಂದು ಅವನು ಕೇಳಿ ಬಾಯಿ ಮುಚ್ಚಿದ್ದಷ್ಟೇ, ಎದುರಿನಿಂದ ಎಲ್ಲಿಂದಲೋ ಕೇಳಿಸಿತು.

ಟಿಕ್. ಟಿಕ್ ಟಿಕ್.

ಚೆನ್ನಯ್ಯ ಕಿವಿಯ ಭ್ರಮೆ ಎಂದುಕೊಂಡ. ತಲ್ಲೂರು ದಾಟುವಾಗ ಮತ್ತೆ ಟಿಕ್ ಎಂದಿತು. ಹೆಂಡತಿಯ ಮುಖ ನೋಡಿದ. ರತ್ನ ಮುಖ ತಿರುಗಿಸಿ ಕಿಟಕಿಯ ಹೊರಗೆ ನೋಡಿದಳು.

ಮರುದಿನವೇ ಗಾಡಿ ಹೆಮ್ಮಾಡಿಯ ಗುಡ್ಡನ ಗ್ಯಾರೇಜಿಗೆ ಹೋಯಿತು. ಗುಡ್ಡ ಗಂಗೊಳ್ಳಿಯಲ್ಲಿ ಬೋಟಿನ ಇಂಜಿನು ಬಿಚ್ಚಿ ಕೈ ಪಳಗಿಸಿಕೊಂಡವನು. ಕಾರು ಅವನ ಲೆಕ್ಕದಲ್ಲಿ ನೆಲದ ಮೇಲೆ ಹೋಗುವ ಸಣ್ಣ ಬೋಟು. ಶಬ್ದ ಸರಿಯಾಗಿ ಕೇಳಬೇಕಾದರೆ ಎಸಿ ಬಂದ್ ಮಾಡಿ, ಗಾಜು ಪೂರ್ತಿ ಇಳಿಸಬೇಕು ಎಂದು ಅಪ್ಪಣೆ ಮಾಡಿದ. ಚೆನ್ನಯ್ಯನಿಗೂ ಅದೇ ಬೇಕಿತ್ತು, ಮೆಕ್ಯಾನಿಕ್ಕಿಗೆಲ್ಲ ಎಸಿ ಹಾಕುವುದುಂಟೇ. ಮರವಂತೆಯವರೆಗೆ ಹೋಗಿ ಬಂದರು. ಸಮುದ್ರದ ಶಬ್ದ ಬಿಟ್ಟು ಬೇರೇನೂ ಇಲ್ಲ. ಗುಡ್ಡನಿಗೆ ಅದರಿಂದ ಏನೂ ತೊಂದರೆಯಾಗಲಿಲ್ಲ. ಕೇಳದ ಶಬ್ದವನ್ನು ಚೆನ್ನಯ್ಯ ಬಾಯಲ್ಲಿ ಮಾಡಿ ತೋರಿಸಿದ, ಅದನ್ನೇ ಕಣ್ಣು ಮುಚ್ಚಿ ಕೇಳಿ, ಚಕ್ರದ ಬೇರಿಂಗು ಹೋಗಿದೆ ಎಂದು ಬದಲಾಯಿಸಿದ. ಸಂಜೆ ಮನೆಯವರು ಹತ್ತಿದರು, ಎಸಿ ಹಾಕಿದ್ದಾಯಿತು, ಟಿಕ್ ಎಂದಿತು.

ಕುಂದಾಪುರದ ಮೆಕ್ಯಾನಿಕ್ಕು ಇಂಜಿನಿನ ಮುಚ್ಚಳ ತೆಗೆದು ಏನೇನೋ ಬಿಗಿ ಮಾಡಿದ. ಟಿಕ್. ಕೊನೆಗೆ ಬ್ರಹ್ಮಾವರದ ದೊಡ್ಡ ಗ್ಯಾರೇಜಿನಲ್ಲಿ ಗಾಡಿಗೆ ಕಂಪ್ಯೂಟರು ಸಿಕ್ಕಿಸಿದರು. ಕಂಪ್ಯೂಟರು ಬಹಳ ಹೊತ್ತು ಯೋಚಿಸಿ, ಗಾಡಿಗೆ ಯಾವ ರೋಗವೂ ಇಲ್ಲ ಎಂದಿತು. ಚೆನ್ನಯ್ಯ ಒಪ್ಪಲಿಲ್ಲ. ತಾನು ಒಬ್ಬನೇ ಇದ್ದರೆ ಬರುವುದಿಲ್ಲ, ಮೆಕ್ಯಾನಿಕ್ಕು ಇದ್ದರೆ ಬರುವುದಿಲ್ಲ, ಮನೆಯವರು ಕೂತರೆ ಮಾತ್ರ ಬರುತ್ತದೆ ಎಂದು ವಿವರಿಸಿದ. ಅಲ್ಲಿನ ಇಂಜಿನಿಯರು ಕಂಪ್ಯೂಟರನ್ನು ಬಿಟ್ಟು ಚೆನ್ನಯ್ಯನ ಮುಖವನ್ನೇ ಪರೀಕ್ಷೆ ಮಾಡಿ, ಮನೆಯಲ್ಲಿ ಏನಾದರೂ ಟೆನ್ಶನ್ ಇದೆಯೇ ಎಂದು ಮೆಲ್ಲಗೆ ಕೇಳಿದ. ಚೆನ್ನಯ್ಯ ದಂಗಾಗಿ ಹೊರಗೆ ಬಂದ.

ಮರಳಿ ಬರುವಾಗ ಗಾಡಿಯಲ್ಲಿ, ಬ್ರಹ್ಮಾವರ ಪೇಟೆಗೆಂದು ಜೊತೆಗೆ ಬಂದಿದ್ದ ಸೀತಜ್ಜಿ, ರತ್ನ ಇದ್ದರು. ಎಸಿ ಇತ್ತು. ಕೋಟ ದಾಟುವಷ್ಟರಲ್ಲಿ ರತ್ನಳ ತಾಳ್ಮೆಯೂ ದಾಟಿತು. "ಈ ಗಾಡಿ ತಕಂಡದ್ದೇ ದಂಡ" ಎಂದಳು.

ಟಿಕ್. ಟಿಕ್ ಟಿಕ್.

ಸೀತಜ್ಜಿ ಸೀಟಿನ ಮೇಲೆ ಬೆರಳಿನಿಂದ ಮೂರು ಸಲ ಬಡಿದು, "ಕೃಷ್ಣ ಕೃಷ್ಣ" ಎಂದಳು.

"ಅದ್ ಹಲ್ಲಿ ಮಗಾ" ಎಂದಳು ಅಜ್ಜಿ. "ರತ್ನ ಹೇಳದ್ ಖರೆ ಅಂಬ್ರ್."

ಆಡಿದ ಮಾತು ಮುಗಿಯುವಾಗ ಹಲ್ಲಿ ಲೊಚಗುಟ್ಟಿದರೆ ಆ ಮಾತು ಸತ್ಯ ಎನ್ನುವುದು ಅಜ್ಜಿಗೆ ಸೂರ್ಯ ಹುಟ್ಟುವಷ್ಟೇ ಖಾತ್ರಿ. ಮೂರು ಊರಿನ ಮೆಕ್ಯಾನಿಕ್ಕುಗಳಿಗೆ ಸಿಗದ ಕಾರಣ ಹಿಂದಿನ ಸೀಟಿನಲ್ಲಿ ಕೂತಲ್ಲೇ ಸಿಕ್ಕಿತು. ಚೆನ್ನಯ್ಯ ಮನೆಗೆ ಬಂದು ಟಾರ್ಚು ಹಿಡಿದು ಸೀಟಿನ ಅಡಿ, ಮ್ಯಾಟಿನ ಅಡಿ, ಡಿಕ್ಕಿ ಎಲ್ಲ ಜಾಲಾಡಿದ. ಹಲ್ಲಿಯ ಬಾಲವೂ ಇಲ್ಲ. ಅಜ್ಜಿಗೆ ಹೇಳಿದರೆ, ಆನೆಗುಡ್ಡೆಯಲ್ಲಿ ಪೂಜೆಯಾದ ದಿನವೇ ಬಂದು ಸೇರಿದ ಹಲ್ಲಿ ಟಾರ್ಚು ಹಿಡಿದವರಿಗೆಲ್ಲ ಕಾಣಿಸಿಕೊಳ್ಳುವುದಿಲ್ಲ ಎಂದಳು. ವಾದ ಮಾಡಿ ಗೆಲ್ಲುವ ಜಾಗ ಅದಲ್ಲ ಎಂದು ಅವನಿಗೆ ಹುಟ್ಟಿದಾಗಿನಿಂದ ಗೊತ್ತಿತ್ತು.

ಪಕ್ಕದ ಮನೆಯ ಪದ್ದು ಅದೇ ವಾರ ಪೇಟೆಗೆಂದು ಹತ್ತಿದಳು. ದಾರಿಯಲ್ಲಿ ಅಜ್ಜಿ, ನಿನ್ನ ಗಬ್ಬದ ದನ ಹೆಣ್ಣುಕರು ಹಾಕುತ್ತದೆ ಎಂದಳು. ಟಿಕ್ ಟಿಕ್. ಪದ್ದು ಹೌಹಾರಿದಳು. ದನ ಹೆಣ್ಣುಕರುವನ್ನೇ ಹಾಕಿತು. ಅಲ್ಲಿಗೆ ಮುಗಿಯಿತು. ಒಂದು ಸುದ್ದಿ ಪದ್ದುವಿನ ಬಾಯಿಗೆ ಬಿದ್ದರೆ ಅದಕ್ಕೆ ಬಸ್ಸು ಬೇಕಾಗುವುದಿಲ್ಲ. ಬೆಳಿಗ್ಗೆ ಚೆನ್ನಯ್ಯ ಹಲ್ಲುಜ್ಜುತ್ತ ಹೊರಗೆ ಬಂದರೆ ಗಾಡಿಯ ಬಾಗಿಲ ಹತ್ತಿರ ಚಪ್ಪಲಿ ಬಿಟ್ಟು ಜನ ನಿಂತಿದ್ದರು.

ಅವನಿಗೆ ಇದನ್ನೆಲ್ಲ ನಿಲ್ಲಿಸಬೇಕು ಎಂದು ಅನ್ನಿಸದೇ ಇರಲಿಲ್ಲ. ಆದರೆ ಬಂದವರು ಗಾಡಿಯೊಳಗೆ ಕೂತು "ಎಷ್ಟ್ ತಣ್ಣಗಿತ್ತ್ ಮಾರಾಯ್ರೆ" ಎಂದಾಗ ಮನಸ್ಸು ಕರಗುತ್ತಿತ್ತು. ನಮ್ಮವರು ನಾಲ್ಕು ಜನ ಒಂದು ಕಡೆ ಕೂತರೆ ಮಾತು ನಿಲ್ಲುವುದುಂಟೇ, ಯಾವ ಗಳಿಗೆಯಲ್ಲಿ ಟಿಕ್ ಎಂದರೂ ಅದು ಯಾರದಾದರೂ ಮಾತಿನ ತುದಿಗೇ ಬಂದು ಬೀಳುತ್ತಿತ್ತು. ಒಬ್ಬಳು ತನ್ನ ಹುಂಜವನ್ನು ಕದ್ದವರು ಆಚೆಮನೆಯವರೇ ಎಂದಳು, ಟಿಕ್. ಆಚೆಮನೆಯವಳೂ ಗಾಡಿಯಲ್ಲೇ ಇದ್ದಳು. ಇಬ್ಬರೂ ಇಳಿಯುವುದರೊಳಗೆ ಚೆನ್ನಯ್ಯನ ಬೈರಾಸು ಎರಡು ತುಂಡಾಗಿತ್ತು. ಪಂಚಾಯ್ತಿ ಓಟಿಗೆ ನಿಂತವನೊಬ್ಬ ಬೆಳಿಗ್ಗೆ ಬಂದು ಗೆಲ್ಲುವುದು ನಾನೇ ಎಂದ, ಟಿಕ್ ಟಿಕ್. ಅವನ ಎದುರಾಳಿ ಮಧ್ಯಾಹ್ನ ಬಂದು ಅದನ್ನೇ ಹೇಳಿದ, ಟಿಕ್ ಟಿಕ್. ಸಂಜೆ ಇಬ್ಬರೂ ಪಟಾಕಿ ಹೊಡೆಸಿದರು. ಗೆದ್ದವನು ಮೂರನೆಯವನು, ಗಾಡಿಯ ಹತ್ತಿರವೂ ಸುಳಿಯದವನು. ಅದಕ್ಕೂ ಊರಿನವರು ಹಲ್ಲಿಯ ಮೇಲೆ ತಪ್ಪು ಹೊರಿಸಲಿಲ್ಲ. ಒಂದೇ ದಿನ ಇಬ್ಬರೂ ಬಂದು ದಾಕ್ಷಿಣ್ಯಕ್ಕೆ ಸಿಕ್ಕಿಸಿದರೆ ಪಾಪ ಅದಾದರೂ ಏನು ಮಾಡೀತು ಎಂದರು.

ಸುದ್ದಿ ಹೀಗೆ ಉತ್ತರಕ್ಕೆ ಹೋಗುತ್ತ ಹೋಗುತ್ತ ಬೈಂದೂರಿನ ಪ್ರಫುಲ್ಲಕ್ಕನ ಕಿವಿಗೆ ಬಿತ್ತು. ಚೆನ್ನಯ್ಯ ನಿಜವಾಗಿ ನಡುಗಿದ್ದು ಆವಾಗ.

ವಿನಯಾ ಬ್ರಹ್ಮಾವರದ ಒಂದು ಸೊಸೈಟಿಯಲ್ಲಿ ಕೆಲಸಕ್ಕಿದ್ದಳು. ಬೈಂದೂರಿನ ರತೀಶನೂ ಅಲ್ಲೇ. ಇಬ್ಬರಿಗೂ ಮನಸ್ಸಾಗಿತ್ತು, ಚೆನ್ನಯ್ಯನ ಮನೆಯಲ್ಲಿ ಎಲ್ಲರಿಗೂ ಒಪ್ಪಿಗೆಯಾಗಿತ್ತು. ಆದರೆ ರತೀಶನಿಗೆ ಅಪ್ಪ ಅಮ್ಮ ಇಲ್ಲ, ಎತ್ತಿ ಆಡಿಸಿ ಓದಿಸಿದವರು ಸೋದರತ್ತೆ ಪ್ರಫುಲ್ಲಕ್ಕ. ಅವರ ಮಾತು ಮೀರಿ ಅವನು ಮದುವೆಯಾಗುವವನಲ್ಲ, ಮೀರಿ ಬಂದರೆ ವಿನಯಾ ಒಪ್ಪುವವಳೂ ಅಲ್ಲ. ಪ್ರಫುಲ್ಲಕ್ಕ ಮೀನು ಮಾರ್ಕೆಟ್ಟಿನಲ್ಲಿ ಕೂತು ಇಡೀ ಬೈಂದೂರನ್ನು ಗದರಿಸಿದ ಹೆಂಗಸು, ಹೆದರುವುದು ಶಕುನಕ್ಕೆ ಮಾತ್ರ. ಹೆಣ್ಣು ನೋಡಲು ಹೊರಟಾಗ ಒಮ್ಮೆ ಬೆಕ್ಕು ಅಡ್ಡ ಬಂದು ವಾಪಸು ಹೋದರು, ಇನ್ನೊಮ್ಮೆ ಯಾರೋ ಸೀನಿ ವಾಪಸು ಹೋದರು. ಈಗ ಅವರೇ ಹೇಳಿ ಕಳಿಸಿದರು: ಚೆನ್ನಯ್ಯಣ್ಣನ ಗಾಡಿಯಲ್ಲಿ ಬೈಂದೂರಿನಿಂದ ಆನೆಗುಡ್ಡೆಗೆ ಹೋಗುವುದು, ದಾರಿಯಲ್ಲಿ ಮೂರು ಸಲ ಮದುವೆಯ ಮಾತು ಆಡುವುದು, ಒಂದು ಸಲವಾದರೂ ಹಲ್ಲಿ ಹೌದು ಎಂದರೆ ದೇವರ ಎದುರೇ ಮಾತು ಪಕ್ಕಾ. ಇಲ್ಲದಿದ್ದರೆ ಈ ಸಂಬಂಧದ ಸುದ್ದಿ ಇನ್ನು ಯಾರೂ ಎತ್ತಬಾರದು.

"ಅಪ್ಪಯ್ಯ, ನನ್ ಮದಿ ಈಗ ಹಲ್ಲಿ ಕೈಯಗ್ ಇತ್ತಾ?" ಎಂದು ವಿನಯಾ ಕಣ್ಣಲ್ಲಿ ನೀರು ತುಂಬಿಕೊಂಡು ಕೇಳಿದಳು. ಚೆನ್ನಯ್ಯ ಸಮಾಧಾನ ಹೇಳಿದ. ಜನ ಕೂತಾಗ ಅದು ಸುಮ್ಮನಿದ್ದದ್ದೇ ಇಲ್ಲ, ಓಟಿಗೆ ನಿಂತವರಿಗೇ ಹೌದು ಎಂದ ಹಲ್ಲಿ ನಿನಗೆ ಇಲ್ಲ ಎನ್ನುತ್ತದೆಯೇ ಎಂದ. ಈ ಮಾತಿನಲ್ಲಿ ಅರ್ಥವಿತ್ತು. ವಿನಯಾ ಕಣ್ಣೊರೆಸಿಕೊಂಡಳು.

ಹೊರಡುವ ಹಿಂದಿನ ದಿನ ಅವನು ಗಾಡಿ ತೊಳೆಯಲು ಗುಡ್ಡನಿಗೆ ಕೊಟ್ಟ. ತೊಳೆದರೆ ಸಾಕು, ಬೇರೆ ಎಂತದೂ ಬೇಡ ಎಂದೂ ಹೇಳಿದ. ಬೆಳಿಗ್ಗೆ ಎಲ್ಲರೂ ಸೀರೆ ಉಟ್ಟು, ಹೂ ಮುಡಿದು ಅಂಗಳದಲ್ಲಿ ನಿಂತಿರುವಾಗ ಗುಡ್ಡ ಗಾಡಿ ತಂದು ನಿಲ್ಲಿಸಿದ. ಅವನ ಮುಖದಲ್ಲಿ ಎಂದೂ ಕಾಣದ ಕಳೆ ಇತ್ತು. ಚೆನ್ನಯ್ಯನನ್ನು ಬದಿಗೆ ಕರೆದು, ಒದ್ದೆ ಮ್ಯಾಟು ಒಣಗಲಿ ಎಂದು ಎಸಿ ಹಾಕಿ ಒಳಗೆ ಒಂದು ಕಣ್ಣು ನಿದ್ದೆ ಮಾಡಿದ ಕಥೆ ಹೇಳಿದ. ನಿದ್ದೆಯಲ್ಲಿ ಟಿಕ್ ಟಿಕ್ ಕೇಳಿಸಿತಂತೆ. ಎದುರಿನ ಸೀಟಿನ ಮುಂದೆ ಸಾಮಾನು ಇಡುವ ಡಬ್ಬ ಬಿಚ್ಚಿ ಕೈ ಹಾಕಿದರೆ ಒಳಗೆ ಎಸಿಯ ಗಾಳಿ ತಿರುಗಿಸುವ ಸಣ್ಣ ಮೋಟಾರು, ಅದನ್ನು ಹಿಡಿದು ನಿಲ್ಲಿಸುವ ಕಿವಿ ಮುರಿದು ಜೋತಾಡುತ್ತಿತ್ತಂತೆ. ಎಸಿ ಹಾಕಿದಾಗೆಲ್ಲ ಅದು ಎದ್ದು ಹೋಗಿ ಪ್ಲಾಸ್ಟಿಕ್ಕಿಗೆ ಬಡಿಯುತ್ತಿತ್ತಂತೆ, ಅಷ್ಟೇ.

"ಕಟ್ಟಿ ಹಾಕ್ದೆ" ಎಂದ ಗುಡ್ಡ. "ಇನ್ನ್ ಅದ್ ಜನ್ಮದಲ್ ಉಸಿರ್ ಬಿಡುದಿಲ್ಲೆ. ನಿಮ್ ಅಂಗ್ಡಿದೇ ನೂಲ್."

ಚೆನ್ನಯ್ಯ ಗರ ಬಡಿದವನ ಹಾಗೆ ನಿಂತ. ಮೂರು ತಿಂಗಳು ತಲೆ ತಿಂದ ಶಬ್ದ ನಿಂತಿತು ಎಂದು ಕುಣಿಯಬೇಕಾದ ಮನುಷ್ಯ ಹಾಗೆ ಬೆಳ್ಳಗಾದದ್ದು ಕಂಡು, ಇದು ಸಂತೋಷ ಹೆಚ್ಚಾದದ್ದೇ ಎಂದು ಗುಡ್ಡ ತಿಳಿದುಕೊಂಡ. ಅವನು ಹೋದ ಮೇಲೆ ಚೆನ್ನಯ್ಯ ಏನೋ ಬಿದ್ದಿದೆ ಎಂದು ನೆಪ ಹೇಳಿ ಎದುರಿನ ಡಬ್ಬದೊಳಗೆ ಕೈ ತೂರಿಸಿದ. ಬೆರಳಿಗೆ ಗಂಟು ಸಿಕ್ಕಿತು. ದೋಣಿ ಕಟ್ಟುವ ಗಂಟು, ಜಗ್ಗಿದಷ್ಟೂ ಬಿಗಿಯುವಂಥದ್ದು. ಎಲ್ಲರ ಕಣ್ಣೆದುರು ಕತ್ತಿ ತರುವಂತಿರಲಿಲ್ಲ, ನೂಲನ್ನು ಜಗ್ಗಿ ನೋಡಿದ. ಗಿರಾಕಿಗಳಿಗೆ ತಾನು ಹೇಳುತ್ತಿದ್ದದ್ದೆಲ್ಲ ನಿಜ ಎಂದು ಅವನಿಗೆ ಅವತ್ತೇ ಗೊತ್ತಾದದ್ದು.

ಬೈಂದೂರಿನಲ್ಲಿ ಪ್ರಫುಲ್ಲಕ್ಕ, ರತೀಶ ಇಬ್ಬರೂ ಹತ್ತಿದರು. ಹಲ್ಲಿಗೆ ಹತ್ತಿರವಾಗಲಿ ಎಂದು ಪ್ರಫುಲ್ಲಕ್ಕ ಮುಂದೆ, ಚೆನ್ನಯ್ಯನ ಪಕ್ಕದಲ್ಲೇ ಕೂತರು. ನಡುವಿನ ಸೀಟಿನಲ್ಲಿ ಸೀತಜ್ಜಿ, ರತ್ನ. ಹಿಂದೆ ವಿನಯಾ, ರತೀಶ, ಇಬ್ಬರ ನಡುವೆ ಹಣ್ಣುಕಾಯಿಯ ಚೀಲ. ಮೋಟಾರು ಕಟ್ಟಿದ ಸುದ್ದಿಯನ್ನು ಚೆನ್ನಯ್ಯ ಯಾರಿಗೂ ಹೇಳಿರಲಿಲ್ಲ, ಹೇಳಲು ಧೈರ್ಯವಿರಲಿಲ್ಲ.

ಮರವಂತೆಯಲ್ಲಿ, ಒಂದು ಬದಿ ಸಮುದ್ರ ಒಂದು ಬದಿ ಹೊಳೆ ಬಂದ ಕೂಡಲೇ ಪ್ರಫುಲ್ಲಕ್ಕ ಕೈ ಮುಗಿದು, ಈ ಹೆಣ್ಣು ನಮ್ಮ ಮನೆಗೆ ಬರುವುದು ದೇವರಿಗೆ ಒಪ್ಪಿಗೆಯೇ ಎಂದು ಗಟ್ಟಿಯಾಗಿ ಕೇಳಿದರು. ಎಲ್ಲರೂ ಕಿವಿ ನಿಮಿರಿಸಿದರು. ಎಸಿ ಬೀಸಿತು. ಬೇರೇನೂ ಇಲ್ಲ. ಚೆನ್ನಯ್ಯ ಎಸಿಯ ಗುಂಡಿಯನ್ನು ಪೂರ್ತಿ ತಿರುಗಿಸಿದ. ಪ್ರಫುಲ್ಲಕ್ಕ ಸೆರಗು ಹೊದ್ದುಕೊಂಡರು, ಅಷ್ಟೇ ಆದದ್ದು. ಸೀತಜ್ಜಿ ಬಡಿಯಲು ಎತ್ತಿದ ಬೆರಳನ್ನು ಹಾಗೇ ಹಿಡಿದುಕೊಂಡು ಹೆಮ್ಮಾಡಿಯವರೆಗೆ ಬಂದಳು.

ಎರಡನೆಯ ಸಲ ಕೇಳಿದ್ದು ಕುಂದಾಪುರ ದಾಟಿದ ಮೇಲೆ. ಮತ್ತೆ ನಿಶ್ಶಬ್ದ. ಚೆನ್ನಯ್ಯ ಕನ್ನಡಿಯಲ್ಲಿ ಮಗಳ ಮುಖ ನೋಡಿದ. ಅವಳು ಅಳುತ್ತಿರಲಿಲ್ಲ, ಸುಮ್ಮನೆ ಕೈ ನೋಡಿಕೊಳ್ಳುತ್ತಿದ್ದಳು. ಅದನ್ನು ನೋಡಿ ಅವನು ತಡೆಯಲಾರದೆ ಹೋದ. ಗ್ಯಾರೇಜಿನಲ್ಲಿ ಎಷ್ಟೋ ಸಲ ಮಾಡಿ ತೋರಿಸಿದ ಶಬ್ದ, ಬಾಯಿಗೆ ಬಾರದೇ ಇದ್ದೀತೇ ಎಂದು ನಾಲಿಗೆಯನ್ನು ಅಂಗುಳಕ್ಕೆ ಒತ್ತಿ ಬಿಟ್ಟ. ಹೆದರಿಕೆಯಲ್ಲಿ ಬಾಯಿ ಒಣಗಿ ತುಟಿ ಅಂಟಿಕೊಂಡಿತ್ತು. ಹೊರಬಂದ ಶಬ್ದ ಹಲ್ಲಿಯದಾಗಿರಲಿಲ್ಲ. ಅದು ಯಾರು ಕೇಳಿದರೂ ಮುತ್ತು ಕೊಟ್ಟ ಶಬ್ದವೇ.

ಪ್ರಫುಲ್ಲಕ್ಕ ಮೆಲ್ಲಗೆ ಅವನ ಕಡೆ ತಿರುಗಿದರು. ಹಿಂದಿನಿಂದ ರತ್ನಳ ದೃಷ್ಟಿ ಅವನ ಕುತ್ತಿಗೆಯ ಮೇಲೆ ಬಿದ್ದದ್ದು ಅವನಿಗೆ ಸ್ಪಷ್ಟವಾಗಿ ತಿಳಿಯಿತು. ಅಡಿಕೆ ಚೂರು ಸಿಕ್ಕಿಕೊಂಡಿದೆ ಎಂದ. ಅವನು ಅಡಿಕೆ ಬಿಟ್ಟು ವರ್ಷವಾಗಿತ್ತು. ಗಾಡಿ ಕೋಟೇಶ್ವರ ದಾಟಿತು.

ಕುಂಭಾಶಿಯ ತಿರುವು ಬಂತು. ಗಾಡಿ ದೇವಸ್ಥಾನದ ದಾರಿಗೆ ತಿರುಗಿತು. ಇನ್ನು ಕೇಳಲು ಉಳಿದದ್ದು ಒಂದೇ ಸಲ. ಪ್ರಫುಲ್ಲಕ್ಕ ಎರಡೂ ಕೈ ಎದೆಗೆ ಹಿಡಿದು ಕಣ್ಣು ಮುಚ್ಚಿದರು.

"ಗಣಪತಿ ದೇವ್ರೇ, ಈ ಹೆಣ್ಣ್ ನಮ್ಮನಿಗ್ ಬಪ್ಪುದ್ ಹೌದಾದ್ರೆ ಈಗ್ಲಾದ್ರೂ ಹೇಳ್."

ಒಂದು ಉಸಿರಿನಷ್ಟು ಹೊತ್ತು ಏನೂ ಇಲ್ಲ. ಆಮೇಲೆ ಆದದ್ದನ್ನು ನಂಬುವುದು ಕಷ್ಟ. ಎದುರಿನಿಂದ ಒಂದು ಟಿಕ್ ಬಂತು, ಅದು ಚೆನ್ನಯ್ಯನದು, ಈ ಸಲ ಸರಿಯಾಗಿ ಬಂದಿತ್ತು. ಅದೇ ಗಳಿಗೆಯಲ್ಲಿ ನಡುವಿನ ಸೀಟಿನ ಎಡಬದಿಯಿಂದ ಒಂದು ಬಂತು, ಬಲಬದಿಯಿಂದ ಒಂದು ಬಂತು, ಹಿಂದಿನಿಂದ ಗಂಡು ಸ್ವರದ ದಪ್ಪ ಟಿಕ್ ಒಂದು ಬಂತು. ಒಬ್ಬರು ಮಾಡುತ್ತಾರೆಂದು ಇನ್ನೊಬ್ಬರಿಗೆ ಗೊತ್ತಿಲ್ಲ. ನಾಲ್ವರೂ ಒಟ್ಟಿಗೆ ಬೆಚ್ಚಿಬಿದ್ದರು. ಹಲ್ಲಿಯನ್ನು ಅಷ್ಟು ನಂಬಿದ ಸೀತಜ್ಜಿ ನಾಲಿಗೆ ಕಚ್ಚಿಕೊಂಡು ಬೆರಳು ಮಡಚಿದಳು. ರತ್ನ ಬಾಯಿಗೆ ಸೆರಗು ಒತ್ತಿದಳು. ಬೆಳಿಗ್ಗೆಯಿಂದ ಅತ್ತೆಯ ಎದುರು ಕೆಮ್ಮಲೂ ಹೆದರಿ ಕೂತಿದ್ದ ರತೀಶ ಹಣ್ಣುಕಾಯಿಯ ಚೀಲದ ಹಿಂದೆ ತಲೆ ಇಳಿಸಿದ. ಸುಮ್ಮನೆ ಕೂತಿದ್ದವಳು ವಿನಯಾ ಒಬ್ಬಳೇ, ಅವಳು ಬಾಯಿ ತೆರೆದು ಎಲ್ಲರನ್ನೂ ನೋಡುತ್ತಿದ್ದಳು.

ಚೆನ್ನಯ್ಯ ಗಾಡಿ ಬದಿಗೆ ನಿಲ್ಲಿಸಿದ. ಎಲ್ಲ ಮುಗಿಯಿತು, ಮಗಳ ಮದುವೆಯನ್ನು ತನ್ನ ನಾಲಿಗೆಯಿಂದಲೇ ಕೆಡಿಸಿದೆ ಎಂದು ಅವನಿಗೆ ಖಾತ್ರಿಯಾಯಿತು. ಮೋಟಾರು, ನೂಲು, ಗುಡ್ಡ ಎಲ್ಲವನ್ನೂ ತಡವರಿಸುತ್ತ ಒಪ್ಪಿಸಿಬಿಟ್ಟ. ಪ್ರಫುಲ್ಲಕ್ಕ ಪೂರ್ತಿ ಕೇಳಿದರು. ಆಮೇಲೆ ಹಿಂದೆ ತಿರುಗಿ ಅಜ್ಜಿಯನ್ನು, ರತ್ನಳನ್ನು, ಚೀಲದ ಹಿಂದೆ ಕಾಣುತ್ತಿದ್ದ ರತೀಶನ ಕೂದಲನ್ನು ಒಂದೊಂದಾಗಿ ನೋಡಿದರು.

"ನಾ ಮೀನ್ ಮಾರ್ಕೆಟಗ್ ಕೂತವ್ಳ್ ಚೆನ್ನಯ್ಯಣ್ಣ, ಸ್ವರ ಕೇಂಡ್ರೆ ಯಾರದ್ದಂತ ಗೊತ್ತಾತ್ತ್. ಇದೊಂದ್ ಹೆಣ್ಣಿಗೆ ನಾಕ್ ಜನ ಹಲ್ಲಿ ಆದ್ರಿ. ನಮ್ಮನಿ ಗಂಡೂ ಸೇರ್ಕಂಡ. ಇನ್ನ್ ನಂಗೆ ಬೇರೆ ಹಲ್ಲಿ ಎಂತಕೆ?"

ಚೆನ್ನಯ್ಯನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದಾಗ ಅತ್ತೇ ಬಿಟ್ಟ. ರತ್ನ ಕಣ್ಣೊರೆಸಲು ಸೆರಗು ಕೊಟ್ಟಳು, ಆ ಮುತ್ತಿನ ವಿಷಯ ಮನೆಗೆ ಹೋಗಿ ಕೇಳುವುದೆಂದು ಸದ್ಯಕ್ಕೆ ಬಿಟ್ಟಳು. ಪ್ರಫುಲ್ಲಕ್ಕ ಸೀಟಿಗೆ ಒರಗಿ, ಮೊದಲ ಸಲ ನೆಮ್ಮದಿಯಿಂದ ಸುತ್ತ ನೋಡಿದರು.

"ಜೀಪ್ ಲಾಯ್ಕ್ ಇತ್ತ್" ಎಂದರು.

ಹೆಣ್ಣಿನ ಅಪ್ಪ ಎನ್ನುವವನು ಅಂಥ ಗಳಿಗೆಯಲ್ಲಿ ಸುಮ್ಮನಿರಬೇಕಿತ್ತು. ಆದರೆ ಅಭ್ಯಾಸ. ಚೆನ್ನಯ್ಯ ಮೂಗೊರೆಸಿಕೊಳ್ಳುತ್ತಲೇ, ಇದು ಜೀಪಲ್ಲ ಪ್ರಫುಲ್ಲಕ್ಕ, ಎಸ್‌ಯುವಿ ಎಂದ.

"ನೀವ್ ಎಂತ ಬೇಕಾರೂ ಹೇಳಿ, ಇದ್ ಜೀಪೇ."

ಡಬ್ಬದೊಳಗೆ ಪಟ್ ಎಂದು ಏನೋ ಹರಿಯಿತು.

ಟಿಕ್. ಟಿಕ್ ಟಿಕ್.

ಯಾರ ತುಟಿಯೂ ಅಲ್ಲಾಡಿರಲಿಲ್ಲ, ಎಲ್ಲರೂ ಒಬ್ಬರ ಬಾಯನ್ನೊಬ್ಬರು ನೋಡಿಕೊಂಡರು. ಸೀತಜ್ಜಿ ಸೀಟಿನ ಮೇಲೆ ಮೂರು ಸಲ ಬಡಿದು, "ಕೃಷ್ಣ ಕೃಷ್ಣ" ಎಂದಳು.

ಮದುವೆಯ ಕರೆಯ ಕಾಗದ ಹಿಡಿದು ಹೊರಟ ದಿನ ಹೆಮ್ಮಾಡಿ ಬಸ್‌ಸ್ಟ್ಯಾಂಡಿನಲ್ಲಿ ನಿಂತವರು, ಜೀಪ್ ಎಲ್ಲಿಗ್ ಹೊರಟಿತ್ ಎಂದು ಕೇಳಿದರು. ಚೆನ್ನಯ್ಯ ಇಳಿಯಲಿಲ್ಲ. ಬೈಂದೂರಿಗೆ ಎಂದು ಹೇಳಿ ಮುಂದೆ ಹೋದ. ಅಂಗಡಿಯಲ್ಲಿ ನೂಲು ಜಗ್ಗಿ ನೋಡಲು ಹೇಳುವುದನ್ನೂ ಈಗ ಬಿಟ್ಟಿದ್ದಾನೆ.